ಶನಿಗೆ ಎಷ್ಟು ಚಂದ್ರರು? ಮ್ಯೂಸಿಯಂ ಗೋಡೆಗೆ ಹೊಸ ಖಗೋಳ ಸುದ್ದಿ ತಂದ ಕಥೆ

2023ರ ಮೇ ತಿಂಗಳು. ಮ್ಯೂಸಿಯಂ ತುಂಬ ಜನ. ಸೌರಮಂಡಲದ ಗ್ಯಾಲರಿಯಲ್ಲಿ ಶನಿಯ ದೊಡ್ಡ ಫಲಕದ ಮುಂದೆ ಒಬ್ಬ ಹುಡುಗ ತುಂಬಾ ಹೊತ್ತಿನಿಂದ ನಿಂತಿದ್ದ. ಹತ್ತು ಹನ್ನೊಂದು ವರ್ಷ ಇರಬಹುದು. ನಾನು ಹತ್ತಿರ ಹೋದ ಕೂಡಲೇ "ಮಿಸ್, ಇದು ತಪ್ಪು" ಅಂದ. ಫಲಕದಲ್ಲಿ "ಶನಿಗೆ 82 ಚಂದ್ರರು" ಎಂದು ಬರೆದಿತ್ತು.

"ಈಗ 145 ಮಿಸ್."

"ನೋಡ್ತೀನಿ ಪುಟ್ಟಾ" ಎಂದು ಒಳಗೆ ಹೋಗಿ ಹುಡುಕಿದೆ. ಅವನು ಹೇಳಿದ್ದೇ ಸರಿ. ನಮ್ಮ ಫಲಕದ ಸಂಖ್ಯೆ 2019ರದ್ದು. ಆಮೇಲೆ ಒಂದು ಸೇರಿ 83 ಆಗಿತ್ತು. ಆ ತಿಂಗಳಷ್ಟೇ ಒಂದೇ ಸಲಕ್ಕೆ 62 ಹೊಸ ಚಂದ್ರರನ್ನು ಘೋಷಿಸಿದ್ದರು. ಒಂದು ಬಿಳಿ ಚೀಟಿಯಲ್ಲಿ ದಪ್ಪ ಪೆನ್ನಿನಿಂದ "2023 ಮೇ: 145" ಎಂದು ಬರೆದು ಹಳೇ ಸಂಖ್ಯೆಯ ಪಕ್ಕ ಅಂಟಿಸಿ, ಆ ಹುಡುಗನಿಗೆ ತೋರಿಸಿದೆ. ಅವನು ಅಮ್ಮನನ್ನು ಕೈಹಿಡಿದು ಎಳೆದುಕೊಂಡು ಬಂದು ಚೀಟಿ ತೋರಿಸಿದ.

ಮರುದಿನ ನನಗೆ ಕಂಡದ್ದು ಬೇರೆಯೇ. ಬಂದವರೆಲ್ಲ ಅಷ್ಟು ದೊಡ್ಡ ಫಲಕವನ್ನು ಬಿಟ್ಟು ಆ ಕೈಬರಹದ ಚೀಟಿಯನ್ನು ಓದುತ್ತಿದ್ದರು. ಓದಿ "ಹೌದಾ? ಇಷ್ಟು ಬೇಗ ಜಾಸ್ತಿ ಆಯ್ತಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾಲ್ಕು ವರ್ಷದಲ್ಲಿ ಆ ಫಲಕದ ಮುಂದೆ ಯಾರೂ ಹೀಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಹೊಸ ಖಗೋಳ ಸುದ್ದಿಗೆ ಅಂತಲೇ ಒಂದು ಮೂಲೆ ಮಾಡಬೇಕು ಅನ್ನುವ ಯೋಚನೆ ಹುಟ್ಟಿದ್ದು ಅಲ್ಲಿಂದ. ಆಮೇಲೆ ಸುಮಾರು ಎರಡು ವರ್ಷ ನಾವು ಮಾಡಿದ್ದು, ಕೆಡಿಸಿದ್ದು, ಮತ್ತೆ ಮಾಡಿದ್ದು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗ ಆದೀತು.

ಮ್ಯೂಸಿಯಂ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಕಾಯಂ ಗ್ಯಾಲರಿ ಅಂದರೆ ಹತ್ತು ಹದಿನೈದು ವರ್ಷ ಇರಲಿ ಎಂದು ಕಟ್ಟುವಂಥದ್ದು. ಬರಹ ತಯಾರಾಗಬೇಕು, ವಿಜ್ಞಾನಿಗಳು ನೋಡಬೇಕು, ವಿನ್ಯಾಸ ಆಗಬೇಕು, ಪ್ರಿಂಟ್ ಆಗಬೇಕು, ಆಮೇಲೆ ಗೋಡೆಗೆ ಕೂರಿಸಬೇಕು. ಕಲ್ಲು, ಪ್ರಾಣಿ, ಹಳೇ ಯಂತ್ರಗಳ ಗ್ಯಾಲರಿಗೆ ಇದು ನಡೆಯುತ್ತದೆ. ಆಕಾಶಕ್ಕೆ ನಡೆಯುವುದಿಲ್ಲ. ಬೇರೆ ನಕ್ಷತ್ರಗಳ ಸುತ್ತ ಇರುವ ಗ್ರಹಗಳನ್ನೇ ನೋಡಿ. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ಸಿಕ್ಕಿದ್ದು 1995ರಲ್ಲಿ. 2022ರ ಮಾರ್ಚ್‌ಗೆ ಒಟ್ಟು ಲೆಕ್ಕ 5000 ದಾಟಿತು, 2025ರ ಸೆಪ್ಟೆಂಬರ್‌ಗೆ 6000. ಫಲಕ ಪ್ರಿಂಟ್ ಆಗಿ ಬರುವಷ್ಟರಲ್ಲಿ ಸಂಖ್ಯೆ ಹಳತಾಗಿರುತ್ತದೆ.

ಇದು ನಮ್ಮೊಬ್ಬರ ಕಷ್ಟ ಅಲ್ಲ. ನ್ಯೂಯಾರ್ಕ್‌ನ ಮ್ಯೂಸಿಯಂ ಒಂದರ ಖಗೋಳ ವಿಭಾಗವಾದ ರೋಸ್ ಸೆಂಟರ್ 2000ದಲ್ಲಿ ತೆರೆದಾಗ ಅಲ್ಲಿನವರು ಪ್ಲೂಟೊವನ್ನು ಎಂಟು ಗ್ರಹಗಳ ಸಾಲಿನಲ್ಲಿ ಇಡಲಿಲ್ಲ. ನೆಪ್ಚೂನ್ ಆಚೆ ಇರುವ ಮಂಜುಗಡ್ಡೆಯ ಕಾಯಗಳ ಜೊತೆ ಸೇರಿಸಿದರು. ಅದು ಪತ್ರಿಕೆಯಲ್ಲಿ ಬಂದ ಮೇಲೆ ಅಲ್ಲಿನ ತಾರಾಲಯದ ನಿರ್ದೇಶಕ ನೀಲ್ ಡಿಗ್ರಾಸ್ ಟೈಸನ್ ಅವರಿಗೆ ಮಕ್ಕಳಿಂದ ಕೋಪದ ಪತ್ರಗಳು ಬಂದವು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊ ಕುಬ್ಜಗ್ರಹ ಎಂದು ತೀರ್ಮಾನಿಸಿದ್ದು 2006ರ ಆಗಸ್ಟ್‌ನಲ್ಲಿ. ಒಂದು ಮ್ಯೂಸಿಯಂ ಆರು ವರ್ಷ ಮುಂಚೆಯೇ ಧೈರ್ಯ ಮಾಡಿತ್ತು. ಆ ಧೈರ್ಯ ನನಗೆ ತುಂಬಾ ಇಷ್ಟ.

ನಮ್ಮ ಮೊದಲ ಪ್ರಯತ್ನ ಟಿವಿ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ ಅಲ್ವಾ? ದೊಡ್ಡ ಪರದೆ ಹಾಕಿದರೆ ಪ್ರಿಂಟ್ ತಾಪತ್ರಯ ಇಲ್ಲ, ಫೈಲ್ ಬದಲಿಸಿದರೆ ಸಾಕು. ಹಬಲ್ ಮತ್ತು ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್‌ಗಳ ವಿಜ್ಞಾನ ಕೇಂದ್ರದವರು ಮ್ಯೂಸಿಯಂಗಳಿಗೆಂದೇ ವ್ಯೂಸ್ಪೇಸ್ ಹೆಸರಿನಲ್ಲಿ ವಿಡಿಯೊಗಳನ್ನು ಉಚಿತವಾಗಿ ಕೊಡುತ್ತಾರೆ, ಬಹಳ ಚೆನ್ನಾಗಿವೆ. ನಾವು ಅಂಥ ಚಿತ್ರಗಳ ಜೊತೆ ಕನ್ನಡ ಸಾಲು ಸೇರಿಸಿ ಒಂದಾದ ಮೇಲೊಂದು ಓಡುವಂತೆ ಮಾಡಿದೆವು. ನಾನು ಎದುರಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಜನ ಬರುತ್ತಾರೆ, ನಡೆಯುತ್ತಲೇ ಒಮ್ಮೆ ತಲೆ ಎತ್ತಿ ನೋಡುತ್ತಾರೆ, ಹೋಗುತ್ತಾರೆ. ನಿಂತವರಿಗೂ ಅರ್ಧದಿಂದ ಸಿಗುತ್ತಿತ್ತು. ಒಬ್ಬರು ಓದಲು ಶುರು ಮಾಡುವಷ್ಟರಲ್ಲಿ ಚಿತ್ರ ಬದಲಾಗುತ್ತಿತ್ತು. ವಯಸ್ಸಾದವರೊಬ್ಬರು "ನಾನು ಇನ್ನೂ ಓದ್ತಾ ಇದ್ದೆ" ಎಂದು ಪರದೆಗೇ ಹೇಳಿ ಮುಂದೆ ಹೋದರು. ಆ ಮಾತು ಮನಸ್ಸಿಗೆ ನಾಟಿತು. ನಿಧಾನವಾಗಿ ಓದುವವರನ್ನು ನಮ್ಮ ಪ್ರದರ್ಶನ ಕೈಬಿಟ್ಟಿತ್ತು.

ಪರದೆ ತೆಗೆಯಲಿಲ್ಲ, ಚಿಕ್ಕದು ಮಾಡಿದೆವು. ಮುಖ್ಯ ಜಾಗಕ್ಕೆ ಕಾಗದವೇ ಬಂತು. ದಾರಿ ತೋರಿಸಿದ್ದು ನಮ್ಮ ವರ್ಕ್‌ಶಾಪಿನ ಹಿರಿಯರು. ನಾನು ಫಲಕಕ್ಕೆ ಕಾಗದ ಅಂಟಿಸಿ ಕಿತ್ತು ಮಾಡುವುದನ್ನು ನೋಡಿ, "ಮೇಡಂ, ಅಂಟು ಹಚ್ಚಬೇಡಿ, ಬಣ್ಣ ಎದ್ದು ಬರುತ್ತೆ. ತಗಡು ಹೊಡೆದು ಕೊಡ್ತೀನಿ, ಮ್ಯಾಗ್ನೆಟ್‌ನಲ್ಲಿ ನಿಲ್ಲಿಸಿ" ಅಂದರು. ಪ್ಲೈವುಡ್ ಮೇಲೆ ಕಬ್ಬಿಣದ ತಗಡು ಕೂರಿಸಿ, ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದು ಕೊಟ್ಟರು. ಹೊಳಪಿದ್ದರೆ ಮೇಲಿನ ದೀಪ ಅದರಲ್ಲೇ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ ಎಂದು ಅವರೇ ಹೇಳಿದ್ದು. ಕೆಳಗಿನ ಅಂಚು ಮಕ್ಕಳಿಗೆ ಕೈಗೆ ಎಟುಕಬೇಕು, ಮೇಲಿನ ಅಂಚು ಗಾಲಿಕುರ್ಚಿಯಲ್ಲಿ ಕೂತವರಿಗೆ ಕತ್ತು ಎತ್ತದೆ ಕಾಣಬೇಕು. ಅದಕ್ಕೆ ಮೂರು ಸಲ ಎತ್ತರ ಬದಲಿಸಿದರು, ಒಂದು ಸಲವೂ ಬೇಸರಪಡಲಿಲ್ಲ.

ಮೊದಲು ಹಾಕಿದ್ದು ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ, ಅಂದರೆ ಬೆಳಕೂ ಹೊರಗೆ ಬರಲಾಗದ ಬ್ಲ್ಯಾಕ್ ಹೋಲ್‌ನ, ಚಿತ್ರ. 2019ರ ಏಪ್ರಿಲ್ 10ರಂದು ಬಿಡುಗಡೆಯಾದ, ಕಿತ್ತಳೆ ಬಣ್ಣದ ಉಂಗುರದಂತೆ ಕಾಣುವ ಆ ಚಿತ್ರ ಎಲ್ಲರೂ ನೋಡಿದ್ದೇ. ನೋಡಿದ್ದಾರೆ, ಆದರೆ ಅದು ಏನು ಎಂದು ಹೇಳುವವರು ಕಡಿಮೆ. ಲೇಬಲ್ ಬರೆಯಲು ಕೂತೆ. ಮೊದಲ ಸಲ ಇನ್ನೂರು ಪದದ ಹತ್ತಿರ ಆಯಿತು. ಗೊತ್ತಿದ್ದದ್ದೆಲ್ಲ ಹಾಕಿದ್ದೆ: 2017ರ ಏಪ್ರಿಲ್‌ನಲ್ಲಿ ಭೂಮಿಯ ಬೇರೆಬೇರೆ ಕಡೆಯ ಎಂಟು ರೇಡಿಯೊ ಟೆಲಿಸ್ಕೋಪ್‌ಗಳು ಒಟ್ಟಿಗೆ ಕೆಲಸ ಮಾಡಿದ್ದು, ಸೂರ್ಯನ 650 ಕೋಟಿ ಪಟ್ಟು ತೂಕ, ಸುಮಾರು ಐದೂವರೆ ಕೋಟಿ ಬೆಳಕಿನ ವರ್ಷ ದೂರ. ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಓದಿ ಮುಗಿಸಿ, "ಇದರಲ್ಲಿ ನಿನಗೆ ತುಂಬಾ ಇಷ್ಟ ಆದದ್ದು ಯಾವುದು?" ಎಂದು ಕೇಳಿದರು.

ನನಗೆ ಇಷ್ಟ ಆದದ್ದು ಹಾರ್ಡ್‌ಡಿಸ್ಕ್ ಕಥೆ. ಅಷ್ಟು ಟೆಲಿಸ್ಕೋಪ್‌ಗಳ ಮಾಹಿತಿ ಇಂಟರ್‌ನೆಟ್‌ನಲ್ಲಿ ಕಳಿಸಲು ಆಗದಷ್ಟು ಜಾಸ್ತಿ ಇತ್ತು. ಡಿಸ್ಕ್‌ಗಳನ್ನೇ ಪೆಟ್ಟಿಗೆಗೆ ತುಂಬಿ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದಲ್ಲಿದ್ದ ಡಿಸ್ಕ್‌ಗಳು ಮಾತ್ರ ಬರಲಿಲ್ಲ, ಚಳಿಗಾಲ ಕಳೆಯುವವರೆಗೆ ಅಲ್ಲಿಗೆ ವಿಮಾನ ಹೋಗುವುದಿಲ್ಲ. ಕಪ್ಪುಕುಳಿಯ ಚಿತ್ರಕ್ಕಾಗಿ ಅಷ್ಟು ದೊಡ್ಡ ತಂಡ ತಿಂಗಳುಗಟ್ಟಲೆ ಚಳಿಗಾಲ ಮುಗಿಯಲಿ ಎಂದು ಕಾದಿತ್ತು. "ಹಾಗಾದ್ರೆ ಅದನ್ನೇ ಬರಿ" ಅಂದರು. ಬರೆದೆ. ಐವತ್ತು ಪದದೊಳಗೆ ಬಂತು. ತೂಕ, ದೂರ ಕೊನೆಯ ಸಾಲಿಗೆ ಹೋದವು. ಅಲ್ಲಿಂದ ಇವತ್ತಿನವರೆಗೆ ಪ್ರತಿ ಲೇಬಲ್‌ಗೂ ನಾವು ಮೊದಲು ಕೇಳಿಕೊಳ್ಳುವ ಪ್ರಶ್ನೆ ಅದೇ.

ಆ ಕಾಗದ ತಗಡಿಗೆ ಏರಿದ ದಿನ ಒಬ್ಬರು ಅಜ್ಜಿ ಮೊಮ್ಮಗಳ ಜೊತೆ ಬಂದರು. ಚಿತ್ರವನ್ನೇ ನೋಡುತ್ತಾ, "ಏನಮ್ಮಾ, ಇದು ಫೋಟೋನಾ, ಬರೆದಿದ್ದಾ?" ಎಂದು ಕೇಳಿದರು. ಇದಕ್ಕಿಂತ ಒಳ್ಳೇ ಪ್ರಶ್ನೆಯನ್ನು ಆ ಮೂಲೆಯಲ್ಲಿ ಯಾರೂ ಕೇಳಿಲ್ಲ. ಏಕೆಂದರೆ ಉತ್ತರ ಸುಲಭ ಇಲ್ಲ. ಅದು ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ರೇಡಿಯೊ ಅಲೆ. ಕಿತ್ತಳೆ ಬಣ್ಣ ವಿಜ್ಞಾನಿಗಳು ಆಯ್ದುಕೊಂಡದ್ದು. ಆದರೆ ಉಂಗುರ, ನಡುವಿನ ಕತ್ತಲು, ಕೆಳಗಡೆ ಜಾಸ್ತಿ ಬೆಳಕು ಇರುವುದು, ಇವೆಲ್ಲ ನಿಜವಾಗಿ ಅಳೆದದ್ದು. ಅಜ್ಜಿಗೆ ಹೀಗೇ ಹೇಳಿದೆ. "ಹಂಗಂತ ಇಲ್ಲಿ ಬರೀರಿ ಮತ್ತೆ" ಅಂದರು.

ಬರೆದೆವು. ಈಗ ನಮ್ಮ ಪ್ರತಿ ಚಿತ್ರದ ಕೆಳಗೆ ಒಂದು ಚಿಕ್ಕ ಪಟ್ಟಿ ಇರುತ್ತದೆ: ಕಣ್ಣಿಗೆ ಕಾಣುವಂಥ ಫೋಟೋ, ಕಾಣದ ಬೆಳಕಿಗೆ ಬಣ್ಣ ಕೊಟ್ಟ ಚಿತ್ರ, ಕಲಾವಿದರು ಊಹಿಸಿ ಬರೆದದ್ದು, ಈ ಮೂರರಲ್ಲಿ ಯಾವುದು ಎಂದು. ಜೇಮ್ಸ್ ವೆಬ್‌ನ ಚಿತ್ರಗಳೆಲ್ಲ ಎರಡನೆಯದು. ಅದು ನೋಡುವುದು ಅವಕೆಂಪು ಬೆಳಕನ್ನು. ಉದ್ದದ ಅಲೆಗೆ ಕೆಂಪು, ಚಿಕ್ಕ ಅಲೆಗೆ ನೀಲಿ ಎಂದು ಸಾಮಾನ್ಯವಾಗಿ ಬಣ್ಣ ಹಂಚುತ್ತಾರೆ. ಸುಮ್ನೆ ಚೆಂದಕ್ಕೆ ಬಳಿದದ್ದಲ್ಲ, ಅದಕ್ಕೊಂದು ಕ್ರಮ ಇದೆ ಎಂದು ಗೊತ್ತಾದಾಗ ಜನರ ಮುಖ ಅರಳುವುದನ್ನು ನೋಡಬೇಕು. ಮೂರನೆಯ ಪಟ್ಟಿ ಹಾಕಿದಾಗ ಮಾತ್ರ ಕೆಲವರಿಗೆ ನಿರಾಸೆ ಆಯಿತು. 2017ರ ಫೆಬ್ರವರಿಯಲ್ಲಿ ಟ್ರಾಪಿಸ್ಟ್-1 ನಕ್ಷತ್ರದ ಸುತ್ತ ಏಳು ಗ್ರಹ ಎಂಬ ಸುದ್ದಿ ಬಂದಾಗ ಕಡಲು, ಮಂಜು, ಕೆಂಪು ಸೂರ್ಯ ಇರುವ ಚಿತ್ರಗಳು ಎಲ್ಲ ಕಡೆ ಓಡಾಡಿದ್ದವು. ಅವೆಲ್ಲ ಊಹಾಚಿತ್ರಗಳು. ನಿಜವಾಗಿ ಸಿಕ್ಕಿದ್ದು ನಕ್ಷತ್ರದ ಬೆಳಕು ಆಗಾಗ ಚೂರು ಕಡಿಮೆ ಆಗುವುದನ್ನು ತೋರಿಸುವ ಗ್ರಾಫಿನ ಒಂದು ಗೆರೆ. ನಾವು ಚಿತ್ರದ ಪಕ್ಕ ಆ ಗೆರೆಯನ್ನೂ ಹಾಕಿದೆವು. ಗ್ರಹ ಅಡ್ಡ ಬಂದಾಗ ಗೆರೆ ಕೆಳಗಿಳಿಯುತ್ತದೆ. ಮಕ್ಕಳು ಆ ತಗ್ಗುಗಳನ್ನು ಬೆರಳಿಟ್ಟು ಎಣಿಸುತ್ತಾರೆ. ಕಾಗದ ಅಲ್ಲಲ್ಲಿ ಬೆರಳಿನ ಕಲೆಯಿಂದ ಕಪ್ಪಾಗಿದೆ, ಅದನ್ನು ಬದಲಿಸಲು ನನಗೆ ಮನಸ್ಸೇ ಬಂದಿಲ್ಲ.

ಪದಗಳ ವಿಷಯ ಬರೆಯದಿದ್ದರೆ ಈ ಅನುಭವ ಅರ್ಧವೇ. ಜ್ಯೋತಿರ್ವರ್ಷ ಎಂದು ಬರೆದರೆ ಬಹಳ ಜನ ಅದನ್ನು ಕಾಲ ಎಂದುಕೊಳ್ಳುತ್ತಾರೆ, ಕೊನೆಯಲ್ಲಿ ವರ್ಷ ಇದೆಯಲ್ಲ. "ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಇಷ್ಟು ವರ್ಷ ಬೇಕು" ಎಂದು ಬಿಡಿಸಿ ಬರೆಯಲು ಶುರು ಮಾಡಿದೆವು. ಉದ್ದ ಆಗುತ್ತದೆ, ಆಗಲಿ. ಇನ್ನೊಂದು ಕ್ಷುದ್ರಗ್ರಹ. ಪಠ್ಯಪುಸ್ತಕದ ಪದ, ನಾವೆಲ್ಲ ಅದನ್ನೇ ಓದಿ ಬೆಳೆದವರು. ಕ್ಷುದ್ರ ಅಂದರೆ ಚಿಕ್ಕದು ಎಂದೂ ಅರ್ಥ ಇದೆ, ಆದರೆ ಮಾತಿನಲ್ಲಿ ಆ ಪದ ಉಳಿದಿರುವುದು ಕ್ಷುದ್ರ ಶಕ್ತಿ, ಕ್ಷುದ್ರ ಪೂಜೆ ಎಂಬಲ್ಲಿ. ಒಬ್ಬ ಹೆಂಗಸು ಲೇಬಲ್ ಓದಿ ಮಗನನ್ನು ಹಿಂದಕ್ಕೆ ಎಳೆದುಕೊಂಡದ್ದನ್ನು ನಾನೇ ನೋಡಿದೆ. ಅವರ ತಪ್ಪೇನೂ ಇಲ್ಲ, ಪದವೇ ಹೆದರಿಸಿತು. ಆಮೇಲೆ ನಾವು "ಸೂರ್ಯನ ಸುತ್ತ ತಿರುಗುವ ಬಂಡೆ" ಎಂದು ಶುರು ಮಾಡಿ, ಪುಸ್ತಕದಲ್ಲಿ ಇದಕ್ಕೆ ಕ್ಷುದ್ರಗ್ರಹ ಎನ್ನುತ್ತಾರೆ ಎಂದು ಒಂದೇ ಕಡೆ ಸೇರಿಸುತ್ತೇವೆ. ಬ್ಲ್ಯಾಕ್ ಹೋಲ್‌ಗೆ ಕೃಷ್ಣರಂಧ್ರ, ಕಪ್ಪುರಂಧ್ರ, ಕಪ್ಪುಕುಳಿ ಎಲ್ಲ ಇವೆ. ಹತ್ತಾರು ಜನರಿಗೆ ತೋರಿಸಿ ಕೇಳಿದೆವು. ಕಪ್ಪುಕುಳಿ ಎಂದಾಗ ಯಾರೂ ತಡವರಿಸಲಿಲ್ಲ. ಅದನ್ನೇ ಇಟ್ಟುಕೊಂಡೆವು.

ಗುರುತ್ವ ಅಲೆ ಅಂದರೆ ಜಾಗವೇ ಚೂರು ಹಿಗ್ಗಿ ಕುಗ್ಗುತ್ತಾ ಸಾಗುವ ಅಲೆ. ಅದಕ್ಕೆ ಚಿತ್ರವೇ ಇಲ್ಲ, ಏನು ಮಾಡುವುದು ಎಂದು ಬಹಳ ದಿನ ತಲೆ ಕೆಡಿಸಿಕೊಂಡೆವು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಅಲೆ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸೇರಿ ಒಂದಾದಾಗ ಎದ್ದದ್ದು. ಸುಮಾರು 130 ಕೋಟಿ ವರ್ಷ ನಡೆದು ಬಂದು, ಒಂದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ನಮ್ಮನ್ನು ದಾಟಿ ಹೋಯಿತು. ಲೈಗೊದ ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಆದ ಬದಲಾವಣೆ ಒಂದು ಪ್ರೋಟಾನಿನ ಅಗಲಕ್ಕಿಂತ ನೂರಾರು ಪಟ್ಟು ಕಡಿಮೆ. ಇದನ್ನು ಓದಿದವರು ತಲೆ ಆಡಿಸಿ ಹೋಗುತ್ತಿದ್ದರು. ಕೊನೆಗೆ ಒಂದು ಗುಂಡಿ, ಒಂದು ಸ್ಪೀಕರ್ ಇಟ್ಟೆವು. ಒತ್ತಿದರೆ ಆ ಅಲೆಯನ್ನೇ ಸದ್ದಾಗಿ ಮಾಡಿದ್ದು ಕೇಳುತ್ತದೆ. ತಗ್ಗು ದನಿಯಲ್ಲಿ ಶುರುವಾಗಿ ಥಟ್ಟನೆ ಮೇಲೇರಿ ನಿಂತುಬಿಡುತ್ತದೆ. ಅಷ್ಟೇ. ಜನ ಎರಡನೇ ಸಲ ಒತ್ತುತ್ತಾರೆ, ಮೂರನೇ ಸಲ ಒತ್ತುತ್ತಾರೆ, ಆಮೇಲೆ ತಿರುಗಿ ಲೇಬಲ್ ಓದುತ್ತಾರೆ.

ಕಣ್ಣು ಕಾಣದ ಒಬ್ಬ ಯುವಕ ಆ ಗುಂಡಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದರು. "ನಂಗೆ ಇಲ್ಲಿ ಇದೊಂದೇ ಇರೋದು ಅಲ್ವಾ?" ಎಂದು ಕೇಳಿದರು. ಬೇಸರದಿಂದಲ್ಲ, ತಿಳಿದುಕೊಳ್ಳಲು. ಹೌದು ಎನ್ನಬೇಕಾಯಿತು. ಚಂದ್ರಾ ಎಕ್ಸ್-ರೇ ಟೆಲಿಸ್ಕೋಪ್‌ನ ತಂಡ ಕ್ಯಾಸಿಯೊಪಿಯಾ ಎ ಎಂಬ ಸಿಡಿದ ನಕ್ಷತ್ರದ ಉಳಿಕೆಯ 3ಡಿ ಪ್ರಿಂಟ್ ಫೈಲನ್ನು ಯಾರು ಬೇಕಾದರೂ ಬಳಸಲಿ ಎಂದು ಕೊಟ್ಟಿದೆ. ಅದನ್ನು ಪ್ರಿಂಟ್ ಮಾಡಿಸಿದೆವು. ಅಂಗೈ ತುಂಬುವಷ್ಟು ದೊಡ್ಡದು, ಒಂದು ಕಡೆ ದುಂಡಗೆ, ಎರಡು ದಿಕ್ಕಿಗೆ ಚಿಮ್ಮಿದ ಕೊಂಬುಗಳು. ಅವರು ಮತ್ತೆ ಬಂದಾಗ ಕೈಗೆ ಕೊಟ್ಟೆ. ಕೊಂಬಿನ ಬುಡದಲ್ಲಿ ಹೆಬ್ಬೆರಳು ನಿಲ್ಲಿಸಿ "ಇಲ್ಲಿಂದ ಜೋರಾಗಿ ಹೊರಗೆ ಬಂದಿದೆ" ಅಂದರು. ಕಣ್ಣಿದ್ದ ನಾನು ಅದನ್ನು ಅಷ್ಟು ಸರಿಯಾಗಿ ಗಮನಿಸಿರಲಿಲ್ಲ.

ಇನ್ನು 2025ರ ಫೆಬ್ರವರಿ. ಆ ತಿಂಗಳನ್ನು ನಾನು ಮರೆಯುವುದಿಲ್ಲ. 2024 ವೈಆರ್4 ಎಂಬ ಬಂಡೆ ಡಿಸೆಂಬರ್ 27ರಂದು ಕಣ್ಣಿಗೆ ಬಿದ್ದಿತ್ತು. ಅಡ್ಡಳತೆ ಸುಮಾರು 60 ಮೀಟರ್. 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಗೆ ಶೇ 1 ದಾಟಿತು. ಟಿವಿಯಲ್ಲಿ ಅದೇ ಸುದ್ದಿ. ಮ್ಯೂಸಿಯಂಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ತಗಡಿನ ಮೇಲೆ ಒಂದು ದೊಡ್ಡ ಕಾಗದ ಹಾಕಿ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ನಾಸಾ ಲೆಕ್ಕ ನೋಡಿ ಸಂಖ್ಯೆ ಬದಲಿಸಲು ಶುರು ಮಾಡಿದೆವು. ಸಂಖ್ಯೆ ಏರುತ್ತಾ ಹೋಯಿತು. ಫೆಬ್ರವರಿ 18ಕ್ಕೆ ಶೇ 3.1. ಅಂದರೆ 32ರಲ್ಲಿ ಒಂದು. ಅಷ್ಟು ದೊಡ್ಡ ಬಂಡೆಗೆ ಅಲ್ಲಿಯವರೆಗೆ ದಾಖಲಾದದ್ದರಲ್ಲೇ ಅತಿ ಹೆಚ್ಚು.

ನಮ್ಮೊಳಗೇ ಚರ್ಚೆ ಎದ್ದಿತು. ಇದನ್ನು ಹಾಕಬೇಕಾ? ಜನರನ್ನು ಹೆದರಿಸುತ್ತಿದ್ದೇವಾ? ಒಬ್ಬರು ತೆಗೆಯೋಣ ಅಂದರು. ನಮ್ಮ ಬರಹಗಳನ್ನು ತಿದ್ದಿಕೊಡುವ ಖಗೋಳ ವಿಜ್ಞಾನಿಗೆ ಫೋನ್ ಮಾಡಿದೆ. "ಸರ್, ದಿನಾ ಏರ್ತಾ ಇದೆ, ಏನು ಮಾಡೋದು?" ಅವರು ಶಾಂತವಾಗಿ, "ಏರೋದು ಸಹಜಮ್ಮಾ. ಆಮೇಲೆ ಒಂದೇ ಸಲ ಬೀಳುತ್ತೆ, ಬಹುಶಃ. ಯಾಕೆ ಅಂತ ತೋರಿಸಿ, ಸಂಖ್ಯೆ ಮಾತ್ರ ತೋರಿಸಬೇಡಿ" ಅಂದರು. ಹೇಗೆ ತೋರಿಸುವುದು ಎಂದೂ ಅವರೇ ಹೇಳಿಕೊಟ್ಟರು. ಒಂದು ಉದ್ದದ ಕಾಗದದ ಪಟ್ಟಿ, ಒಂದು ನಾಣ್ಯ.

ಮೇಜಿನ ಮೇಲೆ ಒಂದು ಮೀಟರ್ ಉದ್ದದ ಪಟ್ಟಿ ಹಾಸಿದೆವು. ಆ ದಿನ ಬಂಡೆ ಎಲ್ಲೆಲ್ಲಿ ಇರಬಹುದೋ ಅಷ್ಟೂ ಜಾಗ ಆ ಪಟ್ಟಿ. ಅದರ ಒಂದು ತುದಿಗೆ ಹತ್ತಿರ ನಾಣ್ಯ, ಅದು ಭೂಮಿ. ಈಗ ದೂರದ ತುದಿಯನ್ನು ಒಳಗೆ ಮಡಚಿ. ಹೊಸ ಅಳತೆ ಬಂದಂತೆ ಅಂದಾಜು ಕಿರಿದಾಯಿತು. ನಾಣ್ಯ ಅಷ್ಟೇ ಇದೆ, ಆದರೆ ಪಟ್ಟಿಯಲ್ಲಿ ಅದರ ಪಾಲು ಜಾಸ್ತಿ ಆಯಿತು. ಇನ್ನೊಮ್ಮೆ ಮಡಚಿ, ಪಾಲು ಇನ್ನೂ ಜಾಸ್ತಿ. ಬಂಡೆ ಒಂದಿಷ್ಟೂ ದಾರಿ ಬದಲಿಸಿಲ್ಲ, ನಮ್ಮ ಲೆಕ್ಕ ಚೊಕ್ಕ ಆಗುತ್ತಿದೆ. ಕೊನೆಗೆ ಬಹುಶಃ ನಾಣ್ಯ ಇರುವ ಕಡೆಯ ತುದಿಯನ್ನೇ ಮಡಚಬೇಕಾಗುತ್ತದೆ, ಆಗ ನಾಣ್ಯ ಪಟ್ಟಿಯ ಹೊರಗೆ ಉಳಿಯುತ್ತದೆ. ಸಾಧ್ಯತೆ ಒಂದೇ ಸಲಕ್ಕೆ ಸೊನ್ನೆಯ ಹತ್ತಿರ. ಆ ಮಡಿಕೆಯನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತಿದ್ದೆವು. ಗಾಬರಿಯಿಂದ ಬಂದ ಒಬ್ಬ ತಂದೆ ತಾವೇ ನಾಲ್ಕು ಸಲ ಮಡಚಿ ಬಿಚ್ಚಿ, "ಹಾಗಾದ್ರೆ ಹೊರಗೇ ಉಳಿಯುತ್ತೆ ಅಂತ ಈಗಲೇ ಹೇಳೋಕೆ ಆಗಲ್ಲ ಅಲ್ವಾ?" ಎಂದು ಕೇಳಿದರು. ಆಗಲ್ಲ ಎಂದೆ. ಅವತ್ತು ಅದೇ ನಿಜ. ಸುಳ್ಳು ಧೈರ್ಯ ಹೇಳಿದ್ದರೆ ಅವರು ಇನ್ನೊಮ್ಮೆ ನಮ್ಮ ಮಾತು ನಂಬುತ್ತಿರಲಿಲ್ಲ.

ಒಂದೇ ವಾರ. ಫೆಬ್ರವರಿ 24ಕ್ಕೆ ಶೇ 0.004. ಆ ಕಾಗದ ಬದಲಿಸುವಾಗ ನನ್ನ ಕೈ ನಡುಗಿದ್ದು ನಿಜ, ಸಂತೋಷಕ್ಕೆ. ಹಳೇ ಸಂಖ್ಯೆಗಳನ್ನು ಬಿಸಾಡದೆ ಎಲ್ಲವನ್ನೂ ದಿನಾಂಕದ ಸಮೇತ ಸಾಲಾಗಿ ಹಾಕಿದೆವು. ಏರುವುದು, ಏರುವುದು, ಬೀಳುವುದು. ಆ ಸಾಲು ಇವತ್ತೂ ಗೋಡೆಯ ಮೇಲಿದೆ. ತಜ್ಞರು ಮಾತು ಬದಲಿಸಿದರು ಎಂದು ಆಮೇಲೆ ಬಂದ ಯಾರೋ ಹೇಳಿದಾಗ, ಪಕ್ಕದಲ್ಲಿದ್ದ ಒಬ್ಬ ಹುಡುಗಿ "ಇಲ್ಲ ಅಂಕಲ್, ಪಟ್ಟಿ ಚಿಕ್ಕದಾಯ್ತು" ಎಂದು ಮೇಜಿನ ಹತ್ತಿರ ಕರೆದುಕೊಂಡು ಹೋದಳು.

ಎರಡು ತಿಂಗಳಿಗೆ ಇನ್ನೊಂದು ಪರೀಕ್ಷೆ. ಏಪ್ರಿಲ್‌ನಲ್ಲಿ ಕೆ2-18ಬಿ ಎಂಬ ಗ್ರಹದ ಸುದ್ದಿ. ಬೆಳಕಿಗೆ 124 ವರ್ಷದ ದಾರಿ. ಅದರ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಇರಬಹುದು ಎಂದು ವೆಬ್ ಟೆಲಿಸ್ಕೋಪ್ ಮಾಹಿತಿ ನೋಡಿ ಒಂದು ತಂಡ ಹೇಳಿತು. ಭೂಮಿಯಲ್ಲಿ ಆ ಅನಿಲ ಬರುವುದು ಹೆಚ್ಚಾಗಿ ಸಮುದ್ರದ ಸೂಕ್ಷ್ಮ ಜೀವಿಗಳಿಂದ. ನಾನು ಉತ್ಸಾಹದಲ್ಲಿ "ದೂರದ ಗ್ರಹದಲ್ಲಿ ಜೀವದ ಗುರುತು" ಎಂದು ಶೀರ್ಷಿಕೆ ಬರೆದು ಕಳಿಸಿದೆ. ಅದೇ ಸರ್ ವಾಪಸ್ ಕಳಿಸಿದರು. ಗುರುತು ಎಂಬ ಪದಕ್ಕೆ ಗೆರೆ ಹೊಡೆದು ಸುಳಿವು ಎಂದು ಬರೆದು, ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಫಲಿತಾಂಶ ಮೂರು ಸಿಗ್ಮಾ ಮಟ್ಟದ್ದು, ಅಂದರೆ ಅಂಥದ್ದು ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಶೇ 0.3. ಕೇಳಲು ಚೆನ್ನಾಗಿದೆ, ಆದರೆ ಕಂಡುಹಿಡಿದೆವು ಎನ್ನಲು ಐದು ಸಿಗ್ಮಾ ಬೇಕು. ಮುಂದಿನ ವಾರ, ತಿಂಗಳುಗಳಲ್ಲಿ ಬೇರೆ ತಂಡಗಳು ಅದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿ, ಅಷ್ಟು ಹೇಳಲು ಪುರಾವೆ ಸಾಲದು ಎಂದವು. ದಕ್ಷಿಣ ಧ್ರುವದ ಬೈಸೆಪ್2 ಟೆಲಿಸ್ಕೋಪ್‌ನ ಕಥೆ ಹಳಬರಿಗೆ ನೆನಪಿರಬಹುದು. 2014ರ ಮಾರ್ಚ್‌ನಲ್ಲಿ ವಿಶ್ವದ ಮೊದಲ ಕ್ಷಣದ ಗುರುತು ಸಿಕ್ಕಿತು ಎಂದು ದೊಡ್ಡ ಸುದ್ದಿ, ಮುಂದಿನ ವರ್ಷ ನೋಡಿದರೆ ಅದಕ್ಕೆ ನಮ್ಮ ಗ್ಯಾಲಕ್ಸಿಯ ದೂಳೇ ಸಾಕಿತ್ತು.

ಅಂದಿನಿಂದ ತಗಡಿನ ಮೇಲೆ ಪ್ರತಿ ಸುದ್ದಿಗೂ ಒಂದು ಬಿಲ್ಲೆ ಇರುತ್ತದೆ. ಸುಳಿವು, ಪರೀಕ್ಷೆಯಲ್ಲಿದೆ, ಖಚಿತ. ಸುದ್ದಿ ಹಾಗೇ ಇದ್ದು ಬಿಲ್ಲೆ ಮಾತ್ರ ಬದಲಾಗುವುದೂ ಉಂಟು. ಕೆ2-18ಬಿ ಬಿಲ್ಲೆ ಇನ್ನೂ ಸುಳಿವಿನಲ್ಲೇ ಇದೆ. ಅದನ್ನು ನೋಡಲೆಂದೇ ಮತ್ತೆ ಬರುವವರಿದ್ದಾರೆ. "ಏನಾಯ್ತು ಮೇಡಂ, ಮುಂದೆ ಹೋಯ್ತಾ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ಸಿಕ್ಕಿತು ಎಂದು ಗೋಡೆ ಮೇಲೆ ಬರೆದುಬಿಟ್ಟಿದ್ದರೆ ಈ ಕಾತರ ಅವರಿಗೆ ಎಲ್ಲಿಂದ ಬರುತ್ತಿತ್ತು?

ಶನಿಯ ಫಲಕದ ಕಥೆ ಮುಗಿದಿಲ್ಲ. ಆ ಚೀಟಿಯ ನಂತರ ಇನ್ನೊಂದು ಚಂದ್ರ ಸೇರಿ 146 ಆಯಿತು. 2025ರ ಮಾರ್ಚ್‌ನಲ್ಲಿ ಒಂದೇ ಏಟಿಗೆ 128 ಸೇರಿ 274. ಈಗ ಅಲ್ಲಿ ಎರಡು ಕೊಕ್ಕೆ ಹಾಕಿ, ಹಳೇ ಸಂಖ್ಯೆಗಳ ಕಾರ್ಡುಗಳನ್ನು ಕ್ಯಾಲೆಂಡರಿನಂತೆ ಒಂದರ ಮೇಲೊಂದು ನೇತು ಹಾಕಿದ್ದೇವೆ. ಮೇಲಿನದು ಎತ್ತಿದರೆ ಕೆಳಗಿನದು ಕಾಣುತ್ತದೆ. ಎಲ್ಲಕ್ಕಿಂತ ಅಡಿಯಲ್ಲಿ ಪ್ರಿಂಟ್ ಆದ 82. ಆ ಹುಡುಗ ಬರೆಸಿದ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಎರಡನೆಯದಾಗಿ ಸೇರಿಸಿದ್ದೇನೆ.

ಈಗ ಮೇಜಿನ ಮೇಲಿರುವುದು ರೂಬಿನ್ ವೀಕ್ಷಣಾಲಯದ ಲೇಬಲ್. ಚಿಲಿಯ ಬೆಟ್ಟದ ಮೇಲೆ 8.4 ಮೀಟರ್ ಕನ್ನಡಿ, 3200 ಮೆಗಾಪಿಕ್ಸೆಲ್ ಕ್ಯಾಮೆರಾ. 2025ರ ಜೂನ್ 23ರಂದು ಮೊದಲ ಚಿತ್ರಗಳನ್ನು ತೋರಿಸಿದಾಗ, ಹತ್ತು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿನ ವೀಕ್ಷಣೆಯಲ್ಲೇ 2104 ಹೊಸ ಬಂಡೆಗಳು ಸಿಕ್ಕಿದವು ಎಂದರು. ಮುಂದೆ ಹತ್ತು ವರ್ಷ ಅದು ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ತೆಗೆಯುತ್ತಾ ಹೋಗುತ್ತದೆ. ಲೇಬಲ್ ಮೂರನೇ ಸಲ ಬರೆದಿದ್ದೇನೆ. ಪ್ರಿಂಟ್ ಮಾಡುವ ಮೊದಲು ನಾಳೆ ಒಂದಷ್ಟು ಜನರಿಗೆ ಓದಿಸಬೇಕು. ವರ್ಕ್‌ಶಾಪಿನ ಹಿರಿಯರಿಗೆ ಇನ್ನೊಂದು ತಗಡು ಬೇಕು ಎಂದು ಹೇಳಿದೆ. ಟೇಪು ತೆಗೆದುಕೊಂಡು ಬಂದು ಗೋಡೆ ಅಳೆದರು, ಈ ಕಿಟಕಿಯಿಂದ ಆ ಬಾಗಿಲವರೆಗೆ. "ಪೂರ್ತಿ ಹೊಡೆದುಬಿಡಲಾ ಮೇಡಂ?" ಎಂದು ಕೇಳಿದರು. ಪೂರ್ತಿ ಹೊಡೀರಿ ಎಂದೆ.